ವಿರಳ ಕಣಕ್ರಿಯೆಗಳ ಪ್ರಯೋಗದ ಫಲಿತಾಂಶವನ್ನು ಓದುವ ಕ್ರಮ

1960ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯೊಳಗೆ, ನೆಲಮಟ್ಟದಿಂದ ಸುಮಾರು 2.7 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿ ನೆಲಕ್ಕೆ ಸುರಿಯುವ ಮ್ಯೂಆನ್ ಕಣಗಳನ್ನು ಎಣಿಸುವ ಉಪಕರಣವನ್ನಿಟ್ಟು ಎರಡು ತಿಂಗಳು ಕಾದರು. ನೆಲದ ಮೇಲೆ ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಒಂದರಂತೆ ಹಾದುಹೋಗುವ ಈ ಕಣ ಅಲ್ಲಿ ಒಂದೇ ಒಂದು ಸಲವೂ ದಾಖಲಾಗಲಿಲ್ಲ. ಆ ಸೊನ್ನೆಯೇ ಮುಂದಿನ ಪ್ರಯೋಗಕ್ಕೆ ಅಡಿಪಾಯವಾಯಿತು. ಮ್ಯೂಆನ್‌ಗಳು ತಲುಪಲಾರದಷ್ಟು ಆಳದಲ್ಲಿ ಕಣವೊಂದು ಗುರುತು ಬಿಟ್ಟಿತೆಂದರೆ ಅದರ ಮೂಲ, ಬಂಡೆಯನ್ನು ಬಹುತೇಕ ತಡೆಯಿಲ್ಲದೆ ದಾಟಬಲ್ಲ ನ್ಯೂಟ್ರಿನೊ ಕಣವೇ ಆಗಿರಬೇಕೆಂಬ ವಿಶ್ವಾಸದಿಂದ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆಗೂಡಿ ಇದೇ ತಂಡ 1965ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಹಿಡಿಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಅದೇ ವರ್ಷ ಇದೇ ಗುರುತನ್ನು ಕಂಡಿತು. ಕೋಲಾರದ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನಲ್ಲಿ ಹುಟ್ಟಿದವರು. 1950ರ ದಶಕದ ಮೊದಲ ವರ್ಷಗಳಲ್ಲಿಯೇ ಇದೇ ಗಣಿಗಳಿಗೆ ಇಳಿದು ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಎಣಿಸಿದ್ದವರು.

ವಿರಳ ಕ್ರಿಯೆಗಳನ್ನು ಹುಡುಕುವ ಪ್ರಯೋಗಗಳ ಸುದ್ದಿ ಇಂದು ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಬಹುಪಾಲು ಸುದ್ದಿಗಳ ತಿರುಳು ‘ಏನೂ ಕಾಣಲಿಲ್ಲ’ ಎಂಬುದೇ ಆಗಿರುವುದರಿಂದ ಓದುಗರಿಗೆ ಅವು ನೀರಸವೆನಿಸುವುದು ಸಹಜ. ಆದರೆ ಪಿಯುಸಿ ಮಟ್ಟದ ಭೌತವಿಜ್ಞಾನ ಓದಿದವರು ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಇಟ್ಟುಕೊಂಡು ಕುಳಿತರೆ ಇಂಥ ಫಲಿತಾಂಶದ ಮುಖ್ಯ ಸಂಖ್ಯೆಯನ್ನು ತಾವೇ ಲೆಕ್ಕ ಹಾಕಿ ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸುವ ಕ್ರಮವನ್ನು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿಸುವುದು ಈ ಬರಹದ ಉದ್ದೇಶ.

ಹುಡುಕುತ್ತಿರುವ ಗುರುತು ಯಾವುದು

ವರದಿಯನ್ನು ಕೈಗೆತ್ತಿಕೊಂಡ ಕೂಡಲೇ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಬೇಕಾದ ಘಟನೆಯನ್ನು ಬೇಡದ ಘಟನೆಯಿಂದ ಇವರು ಯಾವ ಗುರುತಿನಿಂದ ಬೇರ್ಪಡಿಸುತ್ತಾರೆ? ಕೋಲಾರದಲ್ಲಿ ಆ ಗುರುತು ದಿಕ್ಕಾಗಿತ್ತು. ಎದುರುಬದುರಾಗಿ ನಿಲ್ಲಿಸಿದ, ಕಣ ಹಾದಾಗ ಬೆಳಕು ಕೊಡುವ ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳ ನಡುವೆ ನಿಯಾನ್ ತುಂಬಿದ ಫ್ಲಾಶ್ ಟ್ಯೂಬುಗಳನ್ನು ಜೋಡಿಸಲಾಗಿತ್ತು. ಕಣ ಹಾದುಹೋದ ದಾರಿಯಲ್ಲಿ ಆ ಕೊಳವೆಗಳು ಬೆಳಗುತ್ತಿದ್ದವು. ಅಷ್ಟು ಆಳಕ್ಕೆ ಹೇಗೋ ಇಳಿದುಬಂದ ಮ್ಯೂಆನ್ ನೆಟ್ಟಗೆ ಮೇಲಿನಿಂದಲೇ ಬಂದಿರಬೇಕು, ಏಕೆಂದರೆ ಓರೆಯಾಗಿ ಬರಬೇಕಾದರೆ ಅದು ಇನ್ನೂ ಎಷ್ಟೋ ಕಿಲೋಮೀಟರ್ ಹೆಚ್ಚು ಬಂಡೆಯನ್ನು ದಾಟಬೇಕಾಗುತ್ತದೆ. ನ್ಯೂಟ್ರಿನೊಗೆ ಬಂಡೆ ಲೆಕ್ಕಕ್ಕಿಲ್ಲ. ಅದು ಯಾವ ದಿಕ್ಕಿನಿಂದಲಾದರೂ ಬಂದು, ಹತ್ತಿರದ ಬಂಡೆಯಲ್ಲಿ ಡಿಕ್ಕಿ ಹೊಡೆದು, ಮ್ಯೂಆನನ್ನು ಹುಟ್ಟಿಸಬಲ್ಲದು. ಹೀಗಾಗಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಅಡ್ಡಲಾಗಿ ದಾಟಿದ ರೇಖೆಯೇ ನ್ಯೂಟ್ರಿನೊದ ಸಹಿಯಾಯಿತು.

ಇದಕ್ಕೂ ಒಂಬತ್ತು ವರ್ಷ ಮೊದಲು, 1956ರಲ್ಲಿ, ರೈನ್ಸ್ ಮತ್ತು ಕ್ಲೈಡ್ ಕೋವನ್ ಅಮೆರಿಕದ ಸವಾನ್ನಾ ನದಿಯ ಬಳಿಯ ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಮೊದಲ ಬಾರಿಗೆ ನ್ಯೂಟ್ರಿನೊವನ್ನು, ನಿಖರವಾಗಿ ಹೇಳಬೇಕೆಂದರೆ ಅದರ ಪ್ರತಿಕಣವನ್ನು, ಹಿಡಿದಾಗ ಗುರುತು ಕಾಲವಾಗಿತ್ತು. ಪ್ರತಿನ್ಯೂಟ್ರಿನೊ ಪ್ರೋಟಾನಿಗೆ ಬಡಿದರೆ ಪಾಸಿಟ್ರಾನ್ ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಪಾಸಿಟ್ರಾನ್ ಕ್ಷಣಾರ್ಧದಲ್ಲಿ ಎಲೆಕ್ಟ್ರಾನಿನೊಂದಿಗೆ ಸೇರಿ ನಾಶವಾಗಿ ಬೆಳಕು ಕೊಡುತ್ತದೆ. ನ್ಯೂಟ್ರಾನ್ ಕೆಲವು ಮೈಕ್ರೋಸೆಕೆಂಡು ಅಲೆದಾಡಿ, ನೀರಿನಲ್ಲಿ ಕರಗಿಸಿಟ್ಟ ಕ್ಯಾಡ್ಮಿಯಂನಲ್ಲಿ ಸೆರೆಯಾಗಿ ಎರಡನೆಯ ಮಿಂಚನ್ನು ಕೊಡುತ್ತದೆ. ಮಿಂಚು, ಅಳೆದಿಟ್ಟಂಥ ಅಂತರ, ಮತ್ತೆ ಮಿಂಚು ಎಂಬ ಈ ಜೋಡಿಯನ್ನು ಬೇರೆ ಯಾವುದೂ ಸುಲಭವಾಗಿ ಅನುಕರಿಸಲಾರದು.

ಮುಂದಿನ ಲೆಕ್ಕಕ್ಕೆ ಬೇಕಾದ ಮೂರನೆಯ ಉದಾಹರಣೆಯಲ್ಲಿ ಗುರುತು ಶಕ್ತಿಯದು. ಕೆಲವು ಪರಮಾಣು ನ್ಯೂಕ್ಲಿಯಸ್‌ಗಳಲ್ಲಿ ಎರಡು ನ್ಯೂಟ್ರಾನ್‌ಗಳು ಏಕಕಾಲಕ್ಕೆ ಪ್ರೋಟಾನ್‌ಗಳಾಗಿ ಬದಲಾಗಿ, ಎರಡು ಎಲೆಕ್ಟ್ರಾನ್ ಮತ್ತು ಎರಡು ಪ್ರತಿನ್ಯೂಟ್ರಿನೊಗಳು ಹೊರಬೀಳುತ್ತವೆ. ಜೋಡಿ ಬೀಟಾ ಕ್ಷಯ ಎನ್ನಿಸಿಕೊಂಡ ಈ ಕ್ರಿಯೆಯನ್ನು 1935ರಲ್ಲಿ ಮರಿಯಾ ಗೆಪರ್ಟ್ ಮೇಯರ್ ಊಹಿಸಿದರು; ಪ್ರಯೋಗಾಲಯದಲ್ಲಿ ನೇರವಾಗಿ ಕಂಡದ್ದು 1987ರಲ್ಲಿ, ಸೆಲೆನಿಯಂ-82ರಲ್ಲಿ. ನ್ಯೂಟ್ರಿನೊ ಮತ್ತು ಪ್ರತಿನ್ಯೂಟ್ರಿನೊ ಒಂದೇ ಕಣವಾಗಿದ್ದರೆ, ಅಂದರೆ ಎತ್ತೊರೆ ಮಯೊರಾನ 1937ರಲ್ಲಿ ಸೂಚಿಸಿದ ರೀತಿಯದಾಗಿದ್ದರೆ, ಇದೇ ಕ್ಷಯ ನ್ಯೂಟ್ರಿನೊಗಳೇ ಹೊರಬೀಳದೆಯೂ ನಡೆಯಬಹುದು. ಆಗ ಶಕ್ತಿಯೆಲ್ಲವೂ ಎರಡು ಎಲೆಕ್ಟ್ರಾನ್‌ಗಳಿಗೇ ಸೇರುತ್ತದೆ. ಜರ್ಮೇನಿಯಂ-76ರ ಮಟ್ಟಿಗೆ ಆ ಮೊತ್ತ 2039 ಕಿಲೋ ಎಲೆಕ್ಟ್ರಾನ್‌ವೋಲ್ಟ್. ನ್ಯೂಟ್ರಿನೊಗಳು ಪಾಲು ಒಯ್ಯುವ ಸಾಮಾನ್ಯ ಕ್ಷಯದಲ್ಲಿ ಶಕ್ತಿ ಸೊನ್ನೆಯಿಂದ ಅಲ್ಲಿಯವರೆಗೆ ಹರಡಿಕೊಂಡಿರುತ್ತದೆ. ನ್ಯೂಟ್ರಿನೊರಹಿತ ಕ್ಷಯವಾದರೆ 2039ರ ಬಳಿ ಒಂದು ಕಿರಿದಾದ ಗೂಟದಂತೆ ಎದ್ದು ಕಾಣಬೇಕು.

ಪರಮಾಣುಗಳನ್ನು ಎಣಿಸಿಕೊಳ್ಳಿ

ತರಗತಿಯಲ್ಲಿ ಸಾಮಾನ್ಯವಾಗಿ ಏಳುವ ಸಂದೇಹವೊಂದಿದೆ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಹಾಗಿರುವಾಗ 10²⁶ ವರ್ಷಗಳ ಅರ್ಧಾಯುವಿನ ಬಗ್ಗೆ ಮಾತಾಡುವುದು ಹೇಗೆ ಸಾಧ್ಯ? ಒಂದೇ ಪರಮಾಣುವನ್ನು ನೋಡುತ್ತ ಕೂತರೆ ಸಾಧ್ಯವಿಲ್ಲ. ಅಸಂಖ್ಯ ಪರಮಾಣುಗಳನ್ನು ಒಟ್ಟಿಗೆ ಗಮನಿಸಿದರೆ ಅವುಗಳಲ್ಲಿ ಯಾವುದೋ ಒಂದೆರಡು ಈ ವರ್ಷವೇ ಕ್ಷಯಿಸಬಹುದು. ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯದಲ್ಲಿ ದ್ರವ ಜೆನಾನ್ ಬಳಸುವ ಶೋಧಕವೊಂದು ಜೆನಾನ್-124ರ ಜೋಡಿ ಎಲೆಕ್ಟ್ರಾನ್ ಸೆರೆಯನ್ನು (ನ್ಯೂಕ್ಲಿಯಸ್ ಏಕಕಾಲಕ್ಕೆ ಎರಡು ಎಲೆಕ್ಟ್ರಾನ್‌ಗಳನ್ನು ನುಂಗುವ ಕ್ರಿಯೆ) ಕಂಡು, ಅದರ ಅರ್ಧಾಯು 1.8×10²² ವರ್ಷವೆಂದು 2019ರಲ್ಲಿ ಪ್ರಕಟಿಸಿದ್ದು ಹೀಗೆಯೇ. ಅದು ವಿಶ್ವದ ವಯಸ್ಸಿನ ಲಕ್ಷ ಕೋಟಿ ಪಟ್ಟಿಗೂ ಹೆಚ್ಚು.

ಆದ್ದರಿಂದ ಎರಡನೆಯ ಕೆಲಸ, ಪರಮಾಣುಗಳ ಎಣಿಕೆ. 76 ಗ್ರಾಂ ಜರ್ಮೇನಿಯಂ-76ರಲ್ಲಿ 6.02×10²³ ಪರಮಾಣುಗಳಿರುತ್ತವೆ, ಒಂದು ಕಿಲೋಗ್ರಾಂನಲ್ಲಿ 7.9×10²⁴. ವರದಿಯಲ್ಲಿ ‘ಕಿಲೋಗ್ರಾಂ-ವರ್ಷ’ ಎಂಬ ಅಳತೆ ಇದ್ದೇ ಇರುತ್ತದೆ, ಅದನ್ನು ಗುರುತು ಹಾಕಿಕೊಳ್ಳಿ. ಹತ್ತು ಕಿಲೋಗ್ರಾಂ ವಸ್ತುವನ್ನು ಎರಡು ವರ್ಷ ಗಮನಿಸಿದರೂ, ಇಪ್ಪತ್ತು ಕಿಲೋಗ್ರಾಂ ವಸ್ತುವನ್ನು ಒಂದು ವರ್ಷ ಗಮನಿಸಿದರೂ ಅದು 20 ಕಿಲೋಗ್ರಾಂ-ವರ್ಷವೇ. ಗ್ರಾನ್ ಸಾಸೊದಲ್ಲಿ ಜರ್ಮೇನಿಯಂ ಹರಳುಗಳನ್ನು ದ್ರವ ಆರ್ಗಾನ್‌ನಲ್ಲಿ ಮುಳುಗಿಸಿ ನಡೆಸಿದ ಗೆರ್ಡಾ ಪ್ರಯೋಗ 2020ರಲ್ಲಿ ಕೊಟ್ಟ ಅಂತಿಮ ಫಲಿತಾಂಶಕ್ಕೆ ಈ ಸಂಖ್ಯೆ 127.2.

ಇಷ್ಟಕ್ಕೆ ನಿಲ್ಲಬೇಡಿ. ಹರಳಿನಲ್ಲಿರುವ ಪರಮಾಣುಗಳೆಲ್ಲ ಬೇಕಾದ ಸಮಸ್ಥಾನಿಯವಲ್ಲ. ಪ್ರಕೃತಿಯಲ್ಲಿ ಜರ್ಮೇನಿಯಂ-76ರ ಪಾಲು ನೂರಕ್ಕೆ ಎಂಟರಷ್ಟು ಮಾತ್ರ. ಅದನ್ನು ಸುಮಾರು 87ಕ್ಕೆ ಏರಿಸಿದ ವಸ್ತುವಿನಿಂದ ಹರಳುಗಳನ್ನು ಬೆಳೆಸಿರುತ್ತಾರೆ. ಹರಳಿನ ಮೇಲ್ಪದರದಲ್ಲಿ ನಡೆದ ಕ್ಷಯ ಪೂರ್ತಿ ದಾಖಲಾಗದು. ಹಿನ್ನೆಲೆಯನ್ನು, ಅಂದರೆ ಬೇಡದ ಘಟನೆಗಳನ್ನು, ಸೋಸುವಾಗ ಕೆಲವು ನಿಜವಾದ ಘಟನೆಗಳೂ ಜರಡಿಯಲ್ಲಿ ಹೋಗಿಬಿಡುತ್ತವೆ. ಇವೆಲ್ಲವನ್ನೂ ಗುಣಿಸಿ ಬಂದ ಸಂಖ್ಯೆಗೆ ದಕ್ಷತೆ ಎನ್ನುತ್ತಾರೆ. ನಮ್ಮ ಕೈಲೆಕ್ಕಕ್ಕೆ ಅದನ್ನು 0.6 ಎಂದು ಹಿಡಿಯೋಣ.

ಹಿನ್ನೆಲೆಯ ಬಗ್ಗೆ ಕೇಳಬೇಕಾದದ್ದು

ವರದಿಯ ಅತ್ಯಂತ ಮುಖ್ಯ ಭಾಗ ಇದೇ. ಹಿನ್ನೆಲೆಯ ಸಂಖ್ಯೆಯನ್ನು ಹೇಳದ ವರದಿಯನ್ನು ನಾನಂತೂ ಮುಂದಕ್ಕೆ ಓದುವುದಿಲ್ಲ. ಬೇಕಾದ ಘಟನೆ ವರ್ಷಕ್ಕೆ ಒಂದೆರಡು ಬಾರಿ ನಡೆಯುವಂಥದ್ದಾದರೆ, ಅದರ ವೇಷದಲ್ಲಿ ಬರುವ ಬೇಡದ ಘಟನೆಗಳು ಅದಕ್ಕಿಂತ ಕಡಿಮೆಯಿರಬೇಕು. ಹಾಗೆ ಕಡಿಮೆ ಮಾಡುವುದರಲ್ಲಿಯೇ ಈ ಪ್ರಯೋಗಗಳ ಬಹುಪಾಲು ದುಡಿಮೆ ಕಳೆದುಹೋಗುತ್ತದೆ.

ಮೊದಲ ಶತ್ರು ಮ್ಯೂಆನ್. ಇದಕ್ಕೆ ಆಳವೇ ಮದ್ದು. ಗ್ರಾನ್ ಸಾಸೊ ಪ್ರಯೋಗಾಲಯದ ಮೇಲೆ ಸುಮಾರು 1,400 ಮೀಟರ್ ಬಂಡೆಯಿದ್ದು, ಅಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ ಗಂಟೆಗೆ ಒಂದರಷ್ಟು ಮಾತ್ರ ಮ್ಯೂಆನ್ ಹಾಯುತ್ತದೆ. ನೆಲದ ಮೇಲಿನ ಪ್ರಮಾಣದ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು. ಕೆನಡಾದ ಸಡ್ಬರಿಯಲ್ಲಿ, ಎರಡು ಕಿಲೋಮೀಟರ್ ಆಳದ ನಿಕ್ಕಲ್ ಗಣಿಯಲ್ಲಿ, ಅದು ಮೂರ್ನಾಲ್ಕು ದಿನಕ್ಕೊಂದು. ಆಳಗಳನ್ನು ಹೋಲಿಸುವಾಗ ಮೀಟರುಗಳನ್ನಷ್ಟೇ ನೋಡಬೇಡಿ, ಬಂಡೆಯ ಸಾಂದ್ರತೆಯನ್ನೂ ನೋಡಿ. ಕೋಲಾರದ ಬಂಡೆ ನೀರಿನ ಮೂರು ಪಟ್ಟು ಸಾಂದ್ರವಾದುದರಿಂದ ಅಲ್ಲಿನ 2.3 ಕಿಲೋಮೀಟರ್ ಎಂದರೆ ಏಳು ಕಿಲೋಮೀಟರ್ ನೀರಿನ ಅಡಿಯಲ್ಲಿದ್ದಂತೆ. ವರದಿಗಳಲ್ಲಿ ‘ನೀರಿನ ಮೀಟರ್ ಸಮಾನ’ ಎಂಬ ಅಳತೆ ಬರುವುದು ಈ ಕಾರಣಕ್ಕಾಗಿ.

ಎರಡನೆಯ ಶತ್ರು ಮನೆಯೊಳಗಿನದು. ಬಂಡೆ, ಕಾಂಕ್ರೀಟು, ಉಕ್ಕು, ತಂತಿ, ಬೆಸುಗೆ ಎಲ್ಲದರಲ್ಲಿಯೂ ಯುರೇನಿಯಂ, ಥೋರಿಯಂ, ಪೊಟ್ಯಾಷಿಯಂ-40ರ ಸುಳಿವು ಇದ್ದೇ ಇರುತ್ತದೆ. ನಮ್ಮ ಮೈಯಲ್ಲಿಯೇ ಪ್ರತಿ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಪೊಟ್ಯಾಷಿಯಂ ಪರಮಾಣುಗಳು ಕ್ಷಯಿಸುತ್ತಿರುತ್ತವೆ. ಬಂಡೆಯಿಂದ ಒಸರುವ ರೇಡಾನ್ ಅನಿಲ ಗಾಳಿಯ ಜೊತೆ ಎಲ್ಲೆಂದರಲ್ಲಿ ನುಗ್ಗುತ್ತದೆ. ಇವುಗಳನ್ನು ತಡೆಯಲು ಸೀಸದ ಇಟ್ಟಿಗೆಗಳನ್ನು ಸುತ್ತ ಕಟ್ಟುತ್ತಾರೆ. ಆದರೆ ಹೊಸದಾಗಿ ಕರಗಿಸಿದ ಸೀಸದಲ್ಲಿಯೇ ಸೀಸ-210 ಎಂಬ ವಿಕಿರಣಪಟು ಸಮಸ್ಥಾನಿ ಸೇರಿಕೊಂಡಿರುತ್ತದೆ. ಅದರ ಅರ್ಧಾಯು ಸುಮಾರು 22 ವರ್ಷ. ಶತಮಾನಗಳ ಹಿಂದೆಯೇ ಅದಿರಿನಿಂದ ಬೇರ್ಪಟ್ಟ ಸೀಸವಾದರೆ ಅದರಲ್ಲಿನ ಸೀಸ-210 ಬಹುತೇಕ ಕ್ಷಯಿಸಿ ಮುಗಿದಿರುತ್ತದೆ. ಹೀಗಾಗಿ ಟೆಲುರಿಯಂ-130ರಲ್ಲಿ ನ್ಯೂಟ್ರಿನೊರಹಿತ ಜೋಡಿ ಬೀಟಾ ಕ್ಷಯವನ್ನು ಹುಡುಕುವ ಕ್ವೋರೆ ಪ್ರಯೋಗದವರು, ಎರಡು ಸಾವಿರ ವರ್ಷಗಳ ಹಿಂದೆ ಸಾರ್ಡೀನಿಯಾ ದ್ವೀಪದ ಬಳಿ ಮುಳುಗಿದ ರೋಮನ್ ಹಡಗಿನಿಂದ ಮೇಲೆತ್ತಿದ ಸೀಸದ ಗಟ್ಟಿಗಳನ್ನು ಪಡೆದು ತಮ್ಮ ಶೋಧಕದ ಸುತ್ತ ಕವಚವಾಗಿ ಬಳಸಿದರು. ಗಟ್ಟಿಗಳ ಮೇಲೆ ರೋಮನ್ ತಯಾರಕರ ಮುದ್ರೆಯಿದ್ದ ಭಾಗವನ್ನು ಮಾತ್ರ ಕತ್ತರಿಸಿ ಪುರಾತತ್ತ್ವ ಇಲಾಖೆಗಾಗಿ ಉಳಿಸಿ, ಮಿಕ್ಕದ್ದನ್ನು ಕರಗಿಸಲಾಯಿತು. ಪುರಾತತ್ತ್ವದ ಆಸ್ತಿಯನ್ನು ಹೀಗೆ ಬಳಸಿದ್ದು ಸರಿಯೇ ಎಂಬ ಚರ್ಚೆ ನಡೆದಿದೆ. ಮುದ್ರೆಗಳು ಉಳಿದದ್ದು ನನಗೆ ಸಮಾಧಾನದ ಸಂಗತಿ.

ಕವಚಗಳನ್ನೆಲ್ಲ ದಾಟಿ ಒಳಬಂದದ್ದನ್ನು ಗುರುತಿನಿಂದ ಸೋಸಬೇಕು. ಜೋಡಿ ಬೀಟಾ ಕ್ಷಯದ ಎಲೆಕ್ಟ್ರಾನ್‌ಗಳು ಹುಟ್ಟಿದಲ್ಲಿಂದ ಮಿಲಿಮೀಟರಿನಷ್ಟು ದೂರದಲ್ಲಿಯೇ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತವೆ. ಗಾಮಾ ಕಿರಣವಾದರೆ ಹರಳಿನ ಎರಡು ಮೂರು ಕಡೆ ಬಡಿದು, ಹೊರಗಿನ ಆರ್ಗಾನ್‌ನಲ್ಲಿಯೂ ಸ್ವಲ್ಪ ಬೆಳಕು ಚೆಲ್ಲಿ ಹೋಗುವ ಸಂಭವವೇ ಹೆಚ್ಚು. ವಿದ್ಯುತ್ ಸ್ಪಂದದ ಆಕಾರವನ್ನೂ ಆರ್ಗಾನ್‌ನ ಬೆಳಕನ್ನೂ ನೋಡಿ ಗೆರ್ಡಾದವರು ಗಾಮಾ ಘಟನೆಗಳನ್ನು ಹೊರಹಾಕುತ್ತಿದ್ದರು. ಇಷ್ಟೆಲ್ಲ ಮಾಡಿದ ಮೇಲೆ ಅವರಿಗೆ ಉಳಿದ ಹಿನ್ನೆಲೆ, ಒಂದು ಕಿಲೋಗ್ರಾಂಗೆ, ಒಂದು ವರ್ಷಕ್ಕೆ, ಒಂದು ಕಿಲೋ ಎಲೆಕ್ಟ್ರಾನ್‌ವೋಲ್ಟ್ ಅಗಲಕ್ಕೆ 0.0005ರಷ್ಟು. ಗೂಟದ ಅಗಲ ಸುಮಾರು ಮೂರು ಕಿಲೋ ಎಲೆಕ್ಟ್ರಾನ್‌ವೋಲ್ಟ್ ಎಂದಿಟ್ಟುಕೊಂಡು ನೂರು ಕಿಲೋಗ್ರಾಂ-ವರ್ಷಕ್ಕೆ ಗುಣಿಸಿ ನೋಡಿ: ಒಂದಕ್ಕಿಂತ ಸಾಕಷ್ಟು ಕಡಿಮೆ ಬರುತ್ತದೆ. ಅಂದರೆ ಪ್ರಯೋಗ ಮುಗಿಯುವವರೆಗೂ ಆ ಕಿರಿದಾದ ಜಾಗಕ್ಕೆ ಒಂದು ಸುಳ್ಳು ಘಟನೆಯೂ ಬೀಳದಿರುವ ಸಾಧ್ಯತೆಯೇ ಹೆಚ್ಚು.

ಸೊನ್ನೆಯಿಂದ ಮಿತಿಗೆ

ಈಗ ಲೆಕ್ಕಕ್ಕೆ ಬರೋಣ. ಹಿನ್ನೆಲೆಯಿಲ್ಲದ ಪ್ರಯೋಗದಲ್ಲಿ ಒಂದೂ ಘಟನೆ ಕಾಣದಿದ್ದರೆ, ನಿರೀಕ್ಷಿತ ಸರಾಸರಿ ಎಷ್ಟಿದ್ದಿರಬಹುದು? ಸರಾಸರಿ ಒಂದು ಇದ್ದರೂ ಅದೃಷ್ಟವಶಾತ್ ಸೊನ್ನೆ ಬರುವ ಸಂಭವ ನೂರಕ್ಕೆ 37. ಸರಾಸರಿ 2.3 ಇದ್ದರೆ ಆ ಸಂಭವ ನೂರಕ್ಕೆ 10ಕ್ಕೆ ಇಳಿಯುತ್ತದೆ. ಹೀಗಾಗಿ ‘ಸರಾಸರಿ 2.3ಕ್ಕಿಂತ ಹೆಚ್ಚಿಲ್ಲ’ ಎಂದು ನೂರಕ್ಕೆ 90ರ ವಿಶ್ವಾಸ ಮಟ್ಟದಲ್ಲಿ ಹೇಳಬಹುದು. ಸೂತ್ರ ಸರಳವಾಗಿದೆ: 0.693ನ್ನು (ಅರ್ಧಾಯುವಿನ ಲೆಕ್ಕದಲ್ಲಿ ಬರುವ, 2ರ ಸ್ವಾಭಾವಿಕ ಲಾಗರಿದಮ್) ಒಂದು ಕಿಲೋಗ್ರಾಂನ ಪರಮಾಣುಗಳಿಂದ, ಕಿಲೋಗ್ರಾಂ-ವರ್ಷದಿಂದ ಮತ್ತು ದಕ್ಷತೆಯಿಂದ ಗುಣಿಸಿ, 2.3ರಿಂದ ಭಾಗಿಸಿ. ನಮ್ಮ ಸಂಖ್ಯೆಗಳನ್ನು ಹಾಕಿದರೆ, 0.693×7.9×10²⁴×127×0.6÷2.3, ಅಂದರೆ ಸುಮಾರು 1.8×10²⁶ ವರ್ಷ. ಗೆರ್ಡಾ ಪ್ರಕಟಿಸಿದ ಮಿತಿಯೂ ಅದೇ: ಅರ್ಧಾಯು 1.8×10²⁶ ವರ್ಷಕ್ಕಿಂತ ಹೆಚ್ಚು. ಪ್ರಬಂಧದಲ್ಲಿರುವ ವಿಶ್ಲೇಷಣೆ ಇದಕ್ಕಿಂತ ಎಷ್ಟೋ ಸೂಕ್ಷ್ಮವಾದುದು, ಎರಡೂ ಇಷ್ಟು ಹತ್ತಿರ ಬಂದಿರುವುದರಲ್ಲಿ ನಾವು ಹಿಡಿದ 0.6ರ ಪಾತ್ರವೂ ಇದೆ. ಆದರೂ ಸುದ್ದಿಯಲ್ಲಿ ಬಂದ ಸಂಖ್ಯೆ ನಂಬಬಹುದಾದ ಎತ್ತರದಲ್ಲಿದೆಯೇ ಎಂದು ತಿಳಿಯಲು ಐದು ನಿಮಿಷದ ಈ ಕೈಲೆಕ್ಕ ಸಾಕು.

ಇಲ್ಲಿ ಎರಡು ಎಚ್ಚರಿಕೆಗಳು. ‘ಅರ್ಧಾಯು ಇಷ್ಟಕ್ಕಿಂತ ಹೆಚ್ಚು’ ಎಂಬ ಮಾತನ್ನು ‘ಅರ್ಧಾಯು ಇಷ್ಟು’ ಎಂದು ಬರೆದ ವರದಿಗಳನ್ನು ಹಲವು ಬಾರಿ ಕಂಡಿದ್ದೇನೆ; ಮೊದಲನೆಯದು ಕಾಣದ ಕ್ರಿಯೆಗೆ ಹಾಕಿದ ಬೇಲಿ, ಎರಡನೆಯದು ಕಂಡ ಕ್ರಿಯೆಯ ಅಳತೆ. ಇನ್ನೊಂದು, ಹಿನ್ನೆಲೆಯಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ. ಹಿನ್ನೆಲೆಯಿಲ್ಲದಾಗ ಕಾಯುವ ಕಾಲವನ್ನು ಇಮ್ಮಡಿಸಿದರೆ ಮಿತಿಯೂ ಇಮ್ಮಡಿಯಾಗುತ್ತದೆ. ಹಿನ್ನೆಲೆ ತುಂಬಿಕೊಂಡಾಗ ಮಿತಿಯನ್ನು ಇಮ್ಮಡಿಸಲು ನಾಲ್ಕು ಪಟ್ಟು ಕಾಯಬೇಕು. ದೊಡ್ಡ ಶೋಧಕವೇ ಉತ್ತಮ ಎಂಬ ಭಾವನೆ ಪೂರ್ತಿ ಸರಿಯಲ್ಲದಿರುವುದು ಈ ಕಾರಣಕ್ಕೆ.

ಅರ್ಧಾಯುವಿನಿಂದ ನ್ಯೂಟ್ರಿನೊದ ದ್ರವ್ಯರಾಶಿಗೆ ಹೋಗುವ ಹೆಜ್ಜೆಯಲ್ಲಿ ಒಂದೇ ಸಂಖ್ಯೆಯ ಬದಲು ಒಂದು ವ್ಯಾಪ್ತಿ ಕಂಡರೆ ಗಾಬರಿಯಾಗಬೇಡಿ. ಗೆರ್ಡಾದ ಮಿತಿ 0.08ರಿಂದ 0.18 ಎಲೆಕ್ಟ್ರಾನ್‌ವೋಲ್ಟ್‌ವರೆಗೆ ಹರಡಿಕೊಂಡಿದೆ. ನ್ಯೂಕ್ಲಿಯಸ್ಸಿನ ಒಳಗಿನ ಲೆಕ್ಕಾಚಾರದಲ್ಲಿ ಸಿದ್ಧಾಂತಿಗಳ ನಡುವೆ ಇನ್ನೂ ಒಮ್ಮತವಿಲ್ಲದಿರುವುದು ಅದಕ್ಕೆ ಕಾರಣ.

‘ಕಂಡಿತು’ ಎಂದಾಗ

ಏನೋ ಕಂಡಿತು ಎಂಬ ಸುದ್ದಿ ಬಂದಾಗ ಇನ್ನೂ ನಿಧಾನವಾಗಿ ಓದಬೇಕು. ಮೊದಲು ವಿಶ್ಲೇಷಣೆ ಕಣ್ಣುಕಟ್ಟಿ ನಡೆಯಿತೇ ಎಂದು ನೋಡಿ. ಗೆರ್ಡಾದವರು 2039ರ ಸುತ್ತಲಿನ ದತ್ತಾಂಶವನ್ನು ಮುಚ್ಚಿಟ್ಟು, ಸೋಸುವ ನಿಯಮಗಳನ್ನೆಲ್ಲ ಮೊದಲೇ ಗೊತ್ತುಮಾಡಿ, ಕೊನೆಗೆ ಮುಚ್ಚಳ ತೆರೆಯುತ್ತಿದ್ದರು. ಹೈಡೆಲ್‌ಬರ್ಗ್–ಮಾಸ್ಕೊ ಪ್ರಯೋಗದ ಕೆಲವು ಸದಸ್ಯರು 2001ರಿಂದ ಈ ಕ್ಷಯವನ್ನು ಕಂಡಿದ್ದೇವೆಂದು ವಾದಿಸುತ್ತಿದ್ದರು. 2004ರಲ್ಲಿ ಅವರು ಕೊಟ್ಟ ಅರ್ಧಾಯು ಸುಮಾರು 1.2×10²⁵ ವರ್ಷ. ಅದು ನಿಜವಾಗಿದ್ದರೆ ಗೆರ್ಡಾದ ಮೊದಲ ಹಂತದಲ್ಲಿ, ಗೂಟದ ಜಾಗದಲ್ಲಿ, ಎರಡು ಹಿನ್ನೆಲೆ ಘಟನೆಗಳ ಜೊತೆ ಇನ್ನೂ ಆರರಷ್ಟು ಕಾಣಬೇಕಿತ್ತು. 2013ರಲ್ಲಿ ಮುಚ್ಚಳ ತೆರೆದಾಗ ಅಲ್ಲಿದ್ದದ್ದು ಒಟ್ಟು ಮೂರು, ಅವೂ ಗೂಟದ ನಡುಮಧ್ಯದಿಂದ ಸರಿದು ನಿಂತಿದ್ದವು.

ಮೊದಲು ಹೇಳಿದ ಗ್ರಾನ್ ಸಾಸೊದ ಜೆನಾನ್ ಶೋಧಕದ ಕಥೆಯೂ ಪಾಠವಾಗುವಂಥದ್ದು. 2020ರಲ್ಲಿ ಅದರ ತಂಡದವರು ಕಡಿಮೆ ಶಕ್ತಿಯ ವಲಯದಲ್ಲಿ ಸುಮಾರು 232 ಘಟನೆ ನಿರೀಕ್ಷಿಸಿದ್ದ ಕಡೆ 285 ಕಂಡರು. ಸೂರ್ಯನಿಂದ ಬಂದ ಹೊಸ ಕಣವಿರಬಹುದೆಂಬ ಉತ್ಸಾಹ ಎಲ್ಲೆಡೆ ಹಬ್ಬಿತು. ಆದರೆ ಒಂದು ಕಿಲೋಗ್ರಾಂ ಜೆನಾನ್‌ನಲ್ಲಿ ಎರಡು ಮೂರು ಟ್ರಿಷಿಯಂ (ವಿಕಿರಣಪಟು ಹೈಡ್ರೋಜನ್) ಪರಮಾಣುಗಳಿದ್ದರೂ ಇಷ್ಟೇ ಹೆಚ್ಚಳ ಕಾಣುತ್ತದೆಂದು ಆ ತಂಡವೇ ತನ್ನ ಪ್ರಬಂಧದಲ್ಲಿ ಬರೆದಿತ್ತು. ಹಿನ್ನೆಲೆಯನ್ನು ಐದರಲ್ಲೊಂದು ಪಾಲಿಗೆ ಇಳಿಸಿದ ಹೊಸ ಶೋಧಕದಲ್ಲಿ 2022ರಲ್ಲಿ ನೋಡಿದಾಗ ಆ ಹೆಚ್ಚಳ ಇರಲಿಲ್ಲ. ತಮ್ಮ ಫಲಿತಾಂಶವನ್ನು ತಾವೇ ಸಂದೇಹಿಸಿ ಬರೆದ ಆ ಪುಟಗಳನ್ನು ವಿದ್ಯಾರ್ಥಿಗಳಿಗೆ ಓದಿಸಬೇಕೆಂದು ನನ್ನ ಆಸೆ.

ಕೋಲಾರಕ್ಕೂ ಇಂಥ ಅಧ್ಯಾಯವಿದೆ. 1980ರಲ್ಲಿ ಅಲ್ಲಿ 140 ಟನ್ ತೂಕದ, ಕಬ್ಬಿಣದ ಹಲಗೆ ಮತ್ತು ಅನಿಲ ತುಂಬಿದ ಎಣಿಕೆ ಕೊಳವೆಗಳ 34 ಪದರಗಳ ಶೋಧಕವನ್ನು ಪ್ರೋಟಾನ್ ಕ್ಷಯದ, ಅಂದರೆ ಪ್ರೋಟಾನ್ ತಾನಾಗಿ ಒಡೆಯುವ ಕ್ರಿಯೆಯ, ಹುಡುಕಾಟಕ್ಕೆಂದೇ ನಿಲ್ಲಿಸಲಾಯಿತು. ಕೆಲವೇ ಘಟನೆಗಳು ಕ್ಷಯದಂತೆ ಕಂಡವು, ಅವುಗಳನ್ನು ಪ್ರಕಟಿಸಲಾಯಿತು. ವಾತಾವರಣದ ನ್ಯೂಟ್ರಿನೊಗಳೂ ಅಂಥದೇ ಗುರುತು ಬಿಡಬಲ್ಲವು. ಹದಿನೈದು ವರ್ಷಗಳ ಹಿಂದೆ ಇದೇ ಗಣಿಯಲ್ಲಿ ಹುಡುಕಿ ಕಂಡದ್ದು ಈಗ ಹಿನ್ನೆಲೆಯಾಗಿ ಎದುರು ನಿಂತಿತ್ತು. ಅಮೆರಿಕ ಮತ್ತು ಜಪಾನಿನ ದೊಡ್ಡ ನೀರಿನ ತೊಟ್ಟಿಗಳು ಆ ಕ್ಷಯವನ್ನು ಕಾಣಲಿಲ್ಲ.

ನೀವೇ ಮಾಡಬೇಕಾದ ಲೆಕ್ಕ

ಅಭ್ಯಾಸಕ್ಕೆ ಪ್ರೋಟಾನಿನ ಲೆಕ್ಕವನ್ನೇ ತೆಗೆದುಕೊಳ್ಳಿ. ನೀರಿನ ಒಂದು ಅಣುವಿನಲ್ಲಿ ಹತ್ತು ಪ್ರೋಟಾನ್‌ಗಳಿವೆ. 18 ಗ್ರಾಂ ನೀರಿನಲ್ಲಿ 6.02×10²³ ಅಣುಗಳಿವೆ. ಒಂದು ಟನ್ ನೀರಿಗೆ ಲೆಕ್ಕ ಹಾಕಿದರೆ 3.3×10²⁹ ಪ್ರೋಟಾನ್ ಬರುತ್ತದೆ. ಜಪಾನಿನ ಕಾಮಿಯೋಕದಲ್ಲಿ, ಒಂದು ಕಿಲೋಮೀಟರ್ ಬಂಡೆಯ ಕೆಳಗೆ 50,000 ಟನ್ ನೀರು ತುಂಬಿದ ಸೂಪರ್-ಕಾಮಿಯೋಕಾಂಡೆ ಶೋಧಕ, ಪಾಸಿಟ್ರಾನ್ ಮತ್ತು ಪಯಾನ್ ಎಂಬ ಕಣಗಳಾಗಿ ಪ್ರೋಟಾನ್ ಒಡೆಯುವುದನ್ನು 4,50,000 ಟನ್-ವರ್ಷಗಳಷ್ಟು ಹುಡುಕಿ ಒಂದನ್ನೂ ಕಾಣಲಿಲ್ಲ. ದಕ್ಷತೆಯನ್ನು 0.4 ಎಂದು ಹಿಡಿಯಿರಿ. ಇಲ್ಲಿ ಅರ್ಧಾಯುವಿನ ಬದಲು ಸರಾಸರಿ ಆಯುಷ್ಯವನ್ನು ಹೇಳುವ ರೂಢಿಯಿರುವುದರಿಂದ 0.693ನ್ನು ಬಿಟ್ಟುಬಿಡಿ, ಗುಣಿಸಿ 2.3ರಿಂದ ಭಾಗಿಸಿ. ನಿಮ್ಮ ಉತ್ತರವನ್ನು ಆ ತಂಡ 2020ರಲ್ಲಿ ಪ್ರಕಟಿಸಿದ 2.4×10³⁴ ವರ್ಷದ ಮಿತಿಯ ಪಕ್ಕದಲ್ಲಿ ಬರೆದು ನೋಡಿ. ಬಳಿಕ ಅದೇ ಊರಿನ ಬಳಿ ನಿರ್ಮಾಣದಲ್ಲಿರುವ ಹೈಪರ್-ಕಾಮಿಯೋಕಾಂಡೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಲೆಕ್ಕಕ್ಕೆ ಬರುವ ನೀರು ಸುಮಾರು 1,90,000 ಟನ್. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಕೂಡಿಬಂದ 4,50,000 ಟನ್-ವರ್ಷವನ್ನು ಅದು ಎರಡೂವರೆ ವರ್ಷದೊಳಗೆ ಮುಟ್ಟುತ್ತದೆ.